ಸೋದರತ್ತೆಯ ಕಣ್ಣು ಮತ್ತು ನನ್ನ ರೊಟ್ಟಿ

ಊಟದ ವಿಷಯದಲ್ಲಿ ನಾನೊಬ್ಬ ಭಾಷಣಕಾರ. ಹೆಮ್ಮೆಯಿಂದ ಹೇಳುತ್ತಿಲ್ಲ, ಒಪ್ಪಿಕೊಳ್ಳುತ್ತಿದ್ದೇನೆ. ಮಧ್ಯಾಹ್ನ ಕಚೇರಿಯಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಯಾರಾದರೂ ಚಿತ್ರಾನ್ನ ತೆಗೆದರೆ ಸಾಕು, ಜೋಳದ ರೊಟ್ಟಿಯ ಮಹಿಮೆ ನನ್ನ ಬಾಯಿಂದ ತಾನಾಗಿ ಹೊರಡುತ್ತದೆ. ನಮ್ಮ ಹಿರಿಯರು ರೊಟ್ಟಿ ತಿಂದು ಬಾವಿ ತೋಡಿದರು, ನಾವು ಅನ್ನ ತಿಂದು ಕುರ್ಚಿಯಿಂದ ಏಳಬೇಕಾದರೂ ಟೇಬಲ್ಲಿನ ಅಂಚು ಹಿಡಿಯುತ್ತೇವೆ, ಇತ್ಯಾದಿ ಇತ್ಯಾದಿ. ಕೇಳುವವರು ತಲೆಯಾಡಿಸುತ್ತಲೇ ಚಿತ್ರಾನ್ನ ಮುಗಿಸುತ್ತಾರೆ. ನಾನೂ ಭಾಷಣ ಮುಗಿಸಿ ನನ್ನ ಡಬ್ಬಿ ಬಿಚ್ಚುತ್ತೇನೆ. ಅದರಲ್ಲೂ ಚಿತ್ರಾನ್ನವೇ ಇರುತ್ತದೆ. ಇಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಆದರೆ ಸಂಜೆ ನಾನು ಮನೆಗೆ ಹೋಗುವ ದಾರಿಯಲ್ಲಿ ಒಂದು ತಳ್ಳುಗಾಡಿ ನಿಲ್ಲುತ್ತದೆ. ಹೂಕೋಸನ್ನು ಎಣ್ಣೆಯಲ್ಲಿ ಕರಿದು, ಕೆಂಪು ರಸದಲ್ಲಿ ಹೊರಳಾಡಿಸಿ, ಗೋಬಿ ಮಂಚೂರಿ ಎಂಬ ಹೆಸರಿನಲ್ಲಿ ಕಾಗದದ ತಟ್ಟೆಗೆ ಹಾಕಿಕೊಡುತ್ತಾರೆ. ಆ ಗಾಡಿ ಕಂಡ ಕೂಡಲೇ ನನ್ನ ಸ್ಕೂಟರು ತಾನೇ ನಿಧಾನವಾಗುತ್ತದೆ. ಎಷ್ಟೋ ಸಲ ರಿಪೇರಿಗೆ ಬಿಟ್ಟು ನೋಡಿದ್ದೇನೆ, ಆ ದೋಷ ಮಾತ್ರ ಹೋಗಿಲ್ಲ.

ಒಂದು ಊರಿನ ಊಟ ಬದಲಾಗುವುದಕ್ಕೆ ಯಾರೂ ಸಭೆ ಕರೆಯುವುದಿಲ್ಲ, ಠರಾವು ಮಾಡುವುದಿಲ್ಲ. ಒಂದು ದಿನ ಎಚ್ಚರಾದಾಗ ಏನೋ ಕಡಿಮೆಯಾಗಿದೆ ಅನಿಸುತ್ತದೆ, ಏನೆಂದು ಹೊಳೆಯುವುದಿಲ್ಲ. ನಮ್ಮ ಬಿಜಾಪುರದಲ್ಲಿ (ಹೆಸರು ವಿಜಯಪುರ ಆಗಿದ್ದರೂ ನನ್ನ ನಾಲಿಗೆ ಇನ್ನೂ ಹಳೆಯದು) ನಾನು ಸಣ್ಣವನಿದ್ದಾಗ ಬೆಳಗಾಗುತ್ತಿದ್ದದ್ದೇ ರೊಟ್ಟಿ ಬಡಿಯುವ ಸಪ್ಪಳದಿಂದ. ಓಣಿಯ ಈ ತುದಿಯಲ್ಲಿ ಒಬ್ಬರು ಟಪ್ ಟಪ್ ಎಂದು ಶುರು ಮಾಡಿದರೆ ಆ ತುದಿಯವರೆಗೂ ಸಾಲಾಗಿ ಹತ್ತಿಕೊಳ್ಳುತ್ತಿತ್ತು. ಯಾರ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡಿದ್ದಾರೆ ಎಂಬುದು ಆ ಬಡಿತದಲ್ಲೇ ಗೊತ್ತಾಗುತ್ತಿತ್ತು. ಈಗ ತೊರವಿ ಕಡೆಗೆ ಬೆಳೆದ ನಮ್ಮ ಹೊಸ ಬಡಾವಣೆಯಲ್ಲಿ ಬೆಳಿಗ್ಗೆ ಕುಕ್ಕರಿನ ಸೀಟಿ ಕೇಳುತ್ತದೆ, ಮಿಕ್ಸರಿನ ಗರಗರ ಕೇಳುತ್ತದೆ. ಕುಕ್ಕರಿನ ಸೀಟಿಯಿಂದ ಯಾರ ಮನೆಯ ಯಾವ ಗುಟ್ಟೂ ತಿಳಿಯುವುದಿಲ್ಲ.

ಆಗ ಅನ್ನ ಅಂದರೆ ಹಬ್ಬ, ಇಲ್ಲವೇ ಜ್ವರ. ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಮೆತ್ತನೆಯ ಅನ್ನಕ್ಕೆ ಹಾಲು ಕಲಸಿ ಕೊಡುತ್ತಿದ್ದರು. ನಾನು ಆ ಅನ್ನದ ಆಸೆಗೆ ಬಿಸಿಲಲ್ಲಿ ನಿಂತು ಹಣೆ ಕಾಯಿಸಿಕೊಂಡು ಬಂದು ಅವ್ವನ ಮುಂದೆ ನರಳಿದ್ದುಂಟು. ಅವ್ವ ಹಣೆ ಮುಟ್ಟುತ್ತಿರಲಿಲ್ಲ, ಕಾಲು ಮುಟ್ಟಿ ನೋಡಿ, "ಕಾಲ ತಣ್ಣಗ ಅದಾವಲ್ಲೋ, ಜ್ವರ ಬರೇ ತಲಿಗೆ ಬಂದೈತೇನ?" ಎಂದು ರೊಟ್ಟಿಯನ್ನೇ ಮುಂದಿಡುತ್ತಿದ್ದಳು. ಈಗ ನಮ್ಮ ಮನೆಯಲ್ಲಿ ದಿನಾ ಅನ್ನ. ಆ ಲೆಕ್ಕದಲ್ಲಿ ನಾವೆಲ್ಲ ಕಾಯಂ ಜ್ವರದವರು.

ಮೊದಲು ನಮ್ಮಲ್ಲೂ ರೊಟ್ಟಿ ಇತ್ತು. ನನ್ನ ಹೆಂಡತಿ ಶಾಂತಾ ಬಬಲೇಶ್ವರದವಳು, ರೊಟ್ಟಿ ಬಡಿಯುವುದರಲ್ಲಿ ಆ ಮನೆತನದ ಕೈ ಅಂದರೆ ಕೈ. ಆದರೆ ಅವಳ ಬಲಗೈ ಮಣಿಕಟ್ಟು ನೋಯತೊಡಗಿ, ಡಾಕ್ಟರು ರೊಟ್ಟಿ ಬಡಿಯುವುದನ್ನು ಬಂದ್ ಮಾಡಿಸಿದರು. ರೊಟ್ಟಿ ಹೋಗಿ ಚಪಾತಿ ಬಂತು. ಲಟ್ಟಿಸಿದರೂ ನೋಯುತ್ತದೆ ಎಂದಾಗ ಚಪಾತಿ ಹೋಗಿ ಅನ್ನ ಬಂತು. ಕಾಲೇಜಿಗೆ ಹೋಗುವ ಮಗಳು ಸ್ನೇಹಾ ಅನ್ನವೂ ಬೇಜಾರು ಅಂದಾಗ ಭಾನುವಾರ ನೂಡಲ್ಸ್ ಬಂತು. ಬೇಕಾದಾಗ ಅಂಗಡಿಯ ಖಡಕ್ ರೊಟ್ಟಿ ತಂದು ಡಬ್ಬಿಯಲ್ಲಿಟ್ಟರಾಯಿತು, ಹಪ್ಪಳದ ಹಾಗೆ ಮುರಿದು ತಿಂದರಾಯಿತು. ಇಷ್ಟೆಲ್ಲ ಆಗುವಾಗ ನಾನು ಏನು ಮಾಡುತ್ತಿದ್ದೆ ಎಂದು ಕೇಳುತ್ತೀರಾ? ಭಾಷಣ ಮಾಡುತ್ತಿದ್ದೆ.

ಹೀಗಿರುವಾಗ ಬಿಜ್ಜರಗಿಯ ನಮ್ಮ ಸೋದರತ್ತೆಯ ಕಣ್ಣಿನ ಪ್ರಶ್ನೆ ಎದ್ದಿತು. ಅತ್ತೆಯ ಹೆಸರು ಗಂಗವ್ವ, ನಮ್ಮಪ್ಪನ ತಂಗಿ. ನಮ್ಮ ಮನೆತನದ ಹಿರಿಯರಲ್ಲಿ ಉಳಿದವಳು ಅವಳೊಬ್ಬಳೇ, ನನ್ನನ್ನು 'ಬಸ್ಯಾ' ಎಂದು ಕರೆಯುವ ಹಕ್ಕುಳ್ಳವಳೂ ಅವಳೊಬ್ಬಳೇ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನದು ಪೂರಾ ಹಣ್ಣಾಗಿದೆ, ಇನ್ನು ತಡ ಮಾಡಿದರೆ ಕಣ್ಣೇ ಹೋದೀತು ಎಂದು ಡಾಕ್ಟರು ಹೇಳಿ ಎಷ್ಟೋ ದಿನವಾಗಿತ್ತು. ಆಪರೇಶನ್ ಆಗಬೇಕಾದದ್ದು ಬಿಜಾಪುರದಲ್ಲಿ. ಆಮೇಲೆ ತಪಾಸಣೆಗೆ ಹೋಗಿಬರುವುದು, ಹೊತ್ತು ಹೊತ್ತಿಗೆ ಔಷಧ ಹನಿಸುವುದು ಎಲ್ಲ ಇರುವುದರಿಂದ ಕೆಲವು ವಾರ ನಮ್ಮ ಮನೆಯಲ್ಲಿ ಇರಬೇಕು. ಅವಳ ಮಗ ಕರೆದ, ಸೊಸೆ ರೇಣುಕಾ ಕರೆದಳು, ಫೋನಿನಲ್ಲಿ ನಾನು ಕರೆದೆ. ಅತ್ತೆ ಒಲ್ಲೆ ಅಂದಳು. ಕೊನೆಗೆ ಒಂದು ರವಿವಾರ ನಾನೇ ಟಿಕೋಟಾ ಮೇಲೆ ಹಾಯುವ ಬಸ್ಸು ಹಿಡಿದು ಹೊರಟೆ.

ಆ ದಾರಿಯಲ್ಲಿ ಕಿಟಕಿ ಹೊರಗೆ ನೋಡುವುದೇ ಒಂದು ಪಾಠ. ನಾನು ಹುಡುಗನಿದ್ದಾಗ ಟಿಕೋಟಾ ದಾಟಿದರೆ ಕಣ್ಣಿಗೆ ಬೀಳುತ್ತಿದ್ದದ್ದು ಜೋಳ, ಕಲ್ಲು, ಕುರಿ. ಈಗ ತಂತಿಯ ಮೇಲೆ ಹಬ್ಬಿದ ದ್ರಾಕ್ಷಿ. ನಮ್ಮ ಅತ್ತೆಯ ಮಗನ ಹೊಲದಲ್ಲೂ ದ್ರಾಕ್ಷಿಯೇ. ಅದನ್ನು ಒಣಗಿಸಿ ಮಾರಿ, ಬಂದ ರೊಕ್ಕದಲ್ಲಿ ಅಂಗಡಿಯಿಂದ ಜೋಳ ತರುತ್ತಾನೆ. ಅದರಲ್ಲಿ ತಪ್ಪೇನಿಲ್ಲ ಬಿಡಿ. ಜೋಳ ಬೆಳೆದು ದ್ರಾಕ್ಷಿ ತರುವುದಕ್ಕಿಂತ ಈ ವ್ಯವಹಾರ ವಾಸಿ. ಆದರೂ ಬಸ್ಸಿನಲ್ಲಿ ಪಕ್ಕದವರಿಗೆ ಈ ಬಗ್ಗೆ ಒಂದು ಭಾಷಣ ಮಾಡಿದೆ. ಅವರು ದೂರದ ಕಣಮಡಿಯವರೆಗೆ ಹೋಗುವವರು, ಆದರೂ ಮುಂದಿನ ನಿಲ್ದಾಣದಲ್ಲಿ ಎದ್ದು ಹಿಂದಿನ ಸೀಟಿಗೆ ಹೋದರು.

ಅತ್ತೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಒಳಗೆ ಬಂದಾಗ ನನ್ನ ಕಡೆ ಮುಖವೆತ್ತಿ, "ಯಾರಪಾ, ಆಡು ನೋಡಾಕ ಬಂದ್ಯೇನು? ಹಿತ್ತಲದಾಗ ಅದಾವ ಹೋಗು" ಅಂದಳು. ನಾನು ಬಸು ಎಂದು ಹೇಳಿದ ಮೇಲೂ ಕೈ ಹಿಡಿದು ಬೆರಳು ಮುಟ್ಟಿ ನೋಡಿದ ನಂತರವೇ ನಂಬಿದಳು. ಚಹಾದ ಬಸಿಯನ್ನು ಇಡಲು ಹೋಗಿ ಕಟ್ಟೆಯ ಅಂಚು ಸಿಗದೆ ಗಾಳಿಯಲ್ಲಿ ಇಟ್ಟಳು. ಬಸಿ ಒಡೆಯಿತು. ಅವಳು ಆ ಸಪ್ಪಳ ಕೇಳದವಳ ಹಾಗೆ ಮಾತು ಮುಂದುವರಿಸಿದಳು. ಎತ್ತಿನ ಬಾಯಿ ನೋಡಿ ವಯಸ್ಸು ಹೇಳುತ್ತಿದ್ದ ಹೆಂಗಸು ಅವಳು.

"ಅತ್ತಿ, ಈಗ ನನ್ನ ಜೋಡಿ ನಡಿ ಬೇ. ನಾಳಿನ ಡಾಕ್ಟರಿಗೆ ತೋರಸೂಣು" ಅಂದೆ.

"ನಾ ಒಲ್ಲೆಪಾ."

"ಯಾಕ?"

ಅತ್ತೆ ಸ್ವಲ್ಪ ಹೊತ್ತು ಸೆರಗು ಸರಿಪಡಿಸಿದಳು. ಆಮೇಲೆ, "ನಿಮ್ಮನ್ಯಾಗ ಉಣ್ಣಾಕ ಏನೈತಿ? ಮುಂಜೇಲೆ ಅನ್ನ, ಸಂಜಿಕ ಅನ್ನ. ನನಗ ಹಂಚಿನ ಮ್ಯಾಲಿಂದ ಸೀದಾ ತಾಟಿಗೆ ಬಿದ್ದ ಬಿಸಿ ರೊಟ್ಟಿ ಬೇಕು. ನಿನ್ನ ಹೇಣ್ತಿ ಪಾಪ ಕೈ ನೋವಿನ್ಯಾಕಿ. ಅಕಿ ಕಡಿಂದ ಬಡಿಸಿ ತಿಂದ್ರ ನನಗ ಪಾಪ ಬರತೈತಿ" ಅಂದಳು.

"ಅಂಗಡಿಂದ ತರತೇನಿ."

"ಅಂಗಡೀವು ಮನಿಗೆ ಬರೂದ್ರಾಗ ಆರಿ ಚಕ್ಕಳ ಆಗಿರತಾವ. ಇರೂವು ಎರಡೋ ಮೂರೋ ಹಲ್ಲು, ಅವನ್ನೂ ಅಲ್ಲೇ ಕಳಕೊಂಡು ಬರಲೇನು?"

ನನಗೆ ಆ ಗಳಿಗೆಯಲ್ಲಿ ಏನಾಯಿತೋ ಗೊತ್ತಿಲ್ಲ. ಒಡೆದ ಬಸಿಯ ಚೂರು ಇನ್ನೂ ಕಾಲ ಬಳಿಯೇ ಬಿದ್ದಿತ್ತು. "ನಾನ ಬಡದು ಹಾಕತೇನಿ. ನಾ ಬಡದ ರೊಟ್ಟಿ ನಿನ್ನ ಮನಸ್ಸಿಗೆ ಬಂದ್ರ ಬರತೀ ಇಲ್ಲೋ?" ಅಂದೆ.

ಒಳಗಿನಿಂದ ರೇಣುಕಾ ನಕ್ಕ ಸಪ್ಪಳ ಕೇಳಿತು. ಅತ್ತೆಯೂ ನಕ್ಕಳು. ಬಹಳ ನಿರಾಳವಾಗಿ, ಹಗ್ಗ ಹರಿದ ಕರುವಿನ ಹಾಗೆ ನಕ್ಕಳು. "ಆತೇಳು. ನೀ ರೊಟ್ಟಿ ಬಡದ ದಿನಾ ನಾ ಬರತೇನಿ. ಎಲ್ಲಾರೂ ಕೇಳ್ರಿ, ಗಂಗವ್ವ ಮಾತ ಕೊಟ್ಟಾಳ" ಅಂದಳು.

ಬಿಜಾಪುರಕ್ಕೆ ಬರುವಷ್ಟರಲ್ಲಿ ನನ್ನ ನಿರ್ಧಾರ ಕಬ್ಬಿಣವಾಗಿತ್ತು. ಜೀವನದಲ್ಲಿ ನಾನು ದೃಢ ನಿರ್ಧಾರ ಮಾಡಿದ್ದು ಕಡಿಮೆ, ಆದ್ದರಿಂದ ಅದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬ ಅಂದಾಜು ನನಗಿಲ್ಲ. ಬಬಲೇಶ್ವರದ ನನ್ನ ಹೆಂಡತಿಯ ಅಣ್ಣ ಪ್ರತಿ ವರ್ಷ ತಮ್ಮ ಹೊಲದ ಬಿಳಿಜೋಳ ಒಂದು ಚೀಲ ಕಳಿಸುತ್ತಾನೆ. ತಂಗಿ ರೊಟ್ಟಿ ಬಿಟ್ಟ ಸುದ್ದಿ ಅವನಿಗೆ ನಾವು ಹೇಳಿರಲಿಲ್ಲ, ಚೀಲ ಹಾಗೇ ಮೂಲೆಯಲ್ಲಿತ್ತು. ಮರುದಿನ ಬೆಳಿಗ್ಗೆ ಶಾಂತಾ ಏಳುವ ಮೊದಲೇ ಆ ಇಡೀ ಚೀಲವನ್ನು ರಿಕ್ಷಾಕ್ಕೆ ಹೇರಿಕೊಂಡು ಹಿಟ್ಟಿನ ಗಿರಣಿಗೆ ಹೋದೆ.

ಗಿರಣಿಯವನು ಚೀಲ ನೋಡಿದ, ನನ್ನನ್ನು ನೋಡಿದ. "ಎಲ್ಲಾ ಬೀಸೂದೇನ್ರಿ?"

"ಎಲ್ಲಾ."

"ಮನ್ಯಾಗ ಮದುವಿ ಐತೇನ್ರಿ ಸಾಹೇಬ್ರ?"

"ಮದುವಿ ಇಲ್ಲಪಾ. ನಿರ್ಧಾರ ಐತಿ."

ಅವನು ಮತ್ತೇನೂ ಕೇಳಲಿಲ್ಲ. ನಿರ್ಧಾರ ಮಾಡಿದ ಗಿರಾಕಿಗಳನ್ನು ಅವನು ಮೊದಲೂ ನೋಡಿರಬೇಕು.

ಹಿಟ್ಟಿನ ಚೀಲ ಮನೆಯೊಳಗೆ ಬಂದಾಗ ಶಾಂತಾ ಬಾಗಿಲಲ್ಲೇ ನಿಂತಿದ್ದಳು. ಅವಳೂ ಅದೇ ಪ್ರಶ್ನೆ ಕೇಳಿದಳು. "ಮದುವಿ ಯಾರದ್ರೀ?" ನಾನು ಎಲ್ಲ ಹೇಳಿದೆ. ಅವಳು ತಲೆಗೆ ಕೈ ಹಚ್ಚಿಕೊಂಡು ಕೂತಳು. ಜೋಳದ ಹಿಟ್ಟಿಗೆ ಜಿಗಿ ಇರುವುದು ಬೀಸಿದ ಹೊಸತರಲ್ಲಿ ಮಾತ್ರ, ಹಳತಾದಂತೆ ಅದು ಮರಳಿನ ಹಾಗೆ ಉದುರುತ್ತದೆ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಅದಕ್ಕೇ ಮನೆಗಳಲ್ಲಿ ಬೇಕಾದಷ್ಟೇ ಆಗಾಗ ಬೀಸಿಸುತ್ತಾರೆ. ಇದು ನಮ್ಮ ಕಡೆ ಮಾತು ಬರುವ ಕೂಸಿಗೂ ಗೊತ್ತಿರುವ ಸಂಗತಿ. ರೊಟ್ಟಿಯ ಬಗ್ಗೆ ಇಷ್ಟು ವರ್ಷ ಭಾಷಣ ಮಾಡಿದ ನನಗೆ ಗೊತ್ತಿರಲಿಲ್ಲ. ನನ್ನ ಭಾಷಣಗಳೆಲ್ಲ ತಾಟಿನಿಂದ ಶುರುವಾಗುತ್ತಿದ್ದವು, ಗಿರಣಿಯವರೆಗೆ ಎಂದೂ ಹೋಗಿರಲಿಲ್ಲ.

ಹಿಟ್ಟು ಕೆಡುವ ಮೊದಲು ಓಣಿಗೆ ಹಂಚುವುದೆಂದಾಯಿತು. ಸ್ನೇಹಾ ಬಟ್ಟಲು ತುಂಬಿ ತುಂಬಿ ಮನೆಮನೆಗೆ ಕೊಟ್ಟು ಬಂದಳು. ಬೇರೆಯವರ ಬಟ್ಟಲನ್ನು ಖಾಲಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ, ಆದ್ದರಿಂದ ನಮ್ಮ ಬಟ್ಟಲುಗಳು ಏನಾದರೂ ಹೊತ್ತುಕೊಂಡೇ ಹಿಂತಿರುಗಿದವು. ಒಂದರಲ್ಲಿ ಇಡ್ಲಿ ಹಿಟ್ಟು. ಒಂದರಲ್ಲಿ ಓಟ್ಸಿನ ಉಪ್ಪಿಟ್ಟು. ಒಂದರಲ್ಲಿ ಬಿಳಿ ರಸದಲ್ಲಿ ಮುಳುಗಿದ ಪಾಸ್ತಾ. ಮೂಲೆಮನೆಯಿಂದ ಬಟ್ಟಲು ತಡವಾಗಿ ಬಂತು, ಜೊತೆಗೆ ಆ ಮನೆಯ ಸೊಸೆಯೂ ಬಂದಳು. "ಕಾಕು, ನೀವು ಕೊಟ್ಟ ಹಿಟ್ಟು ಭಾಳ ಚಲೋ ಐತ್ರಿ. ಮೊಸರಾಗ ಕಲಸಿ ಮುಖಕ್ಕ ಹಚ್ಚೀನಿ, ನೋಡ್ರಿ ಹೆಂಗ ಹೊಳ್ಯಾಕತ್ತೈತಿ" ಎಂದು ಶಾಂತಾಳಿಗೆ ಹೇಳಿದಳು. ನಾನು ಬಟ್ಟಲುಗಳ ಮುಂದೆ ಕೂತು, ನಮ್ಮ ಓಣಿ ಏನು ಉಣ್ಣುತ್ತದೆ ಎಂಬುದನ್ನು ಮನೆ ಬಿಟ್ಟು ಕದಲದೆ ತಿಳಿದುಕೊಂಡೆ. ಜನ ಏನು ತಿನ್ನುತ್ತಾರೆಂದು ಕಂಡುಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಪಾಸ್ತಾ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು.

ಉಳಿದ ಹಿಟ್ಟಿನಲ್ಲಿ ನನ್ನ ಶಾಲೆ ಆರಂಭವಾಯಿತು. ಶಾಂತಾ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೈಗೆ ಪಟ್ಟಿ ಕಟ್ಟಿಕೊಂಡು, ಬಾಯಿಂದಲೇ ರೊಟ್ಟಿ ಮಾಡಿಸತೊಡಗಿದಳು. ಮೊದಲು ಹಿಟ್ಟಿಗೆ ಕುದಿಯುವ ನೀರು. ಆಮೇಲೆ ನಾದುವುದು. "ಮೈಯಾಗಿನ ಶಕ್ತಿ ಹಾಕಿ ನಾದ್ರಿ. ಫೈಲ್ ತಿರುವಿದಂಗ ತಿರವಬ್ಯಾಡ್ರಿ." ಆಮೇಲೆ ಉಂಡೆಯನ್ನು ಹಲಗೆಯ ಮೇಲಿಟ್ಟು ಬಡಿಯುವುದು. ಇಲ್ಲಿದೆ ನೋಡಿ ಗುಟ್ಟು. ಬಡಿಯುವ ಕೈಯೇ ರೊಟ್ಟಿಯನ್ನು ತಿರುಗಿಸಬೇಕು, ತಿರುಗುತ್ತಲೇ ಅದು ಹಿಗ್ಗಬೇಕು. ನನ್ನ ರೊಟ್ಟಿ ತಿರುಗುತ್ತಿರಲಿಲ್ಲ. ಅದು ಇದ್ದಲ್ಲೇ ಇದ್ದು ಪೆಟ್ಟು ತಿನ್ನುತ್ತಿತ್ತು. ಹೊಡೆದಷ್ಟೂ ಒಂದೇ ದಿಕ್ಕಿಗೆ ಓಡುತ್ತಿತ್ತು. ಎತ್ತಿ ಹಂಚಿಗೆ ಹಾಕುವಾಗ ಅರ್ಧ ನನ್ನ ಕೈಯಲ್ಲಿ ಉಳಿಯುತ್ತಿತ್ತು, ಅರ್ಧ ಹಂಚು ಮುಟ್ಟುತ್ತಿತ್ತು. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಫರ್ನಿಚರ್ ಮಾಡಸಾಕತ್ತೀರೇನ್ರಿ?" ಎಂದು ವಿಚಾರಿಸಿದರು. ಸ್ನೇಹಾ ಪ್ರತಿ ರೊಟ್ಟಿಯ ಫೋಟೋ ತೆಗೆದು ಅದು ಯಾವ ದೇಶದ ಆಕಾರದಲ್ಲಿದೆ ಎಂದು ಗೆಳತಿಯರಿಗೆ ಕೇಳುತ್ತಿದ್ದಳು. ಅವರ ಭೂಗೋಳ ಬಹಳ ಸುಧಾರಿಸಿತು.

ಆದರೆ ನಾನು ಬಿಡಲಿಲ್ಲ. ಸುಟ್ಟ ಬೆರಳಿಗೆ ತುಪ್ಪ ಹಚ್ಚಿಕೊಂಡೇ ಕಚೇರಿಗೆ ಹೋದೆ. ಯೋಚನೆಯಲ್ಲಿದ್ದಾಗ ಟೇಬಲ್ಲಿನ ಮೇಲೆ ಕೈ ತಾನೇ ಟಪ್ ಟಪ್ ಬಡಿಯತೊಡಗಿ, ಸಾಹೇಬರು ತಮ್ಮನ್ನು ಕರೆಯುತ್ತಿದ್ದೇನೆಂದು ತಿಳಿದು ಎರಡು ಸಲ ಎದ್ದು ಬಂದರು. ಹಳೆಯ ಹಿಟ್ಟು ಮುಗಿದ ಮೇಲೆ ಶಾಂತಾ ಹೇಳಿದಂತೆ ಅಂಗಡಿಯಿಂದ ಸ್ವಲ್ಪ ಜೋಳ ತಂದು ಬೀಸಿಸಿದೆ. ಆ ಹೊಸ ಹಿಟ್ಟಿನಲ್ಲಿ ಒಂದು ದಿನ, ಯಾಕೋ ಏನೋ, ಕೈ ಕೆಳಗೆ ರೊಟ್ಟಿ ಮೆಲ್ಲಗೆ ತಿರುಗಿತು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ತಾನೇ ಬಂದು ಬೆರಳು ಹಿಡಿದ ಹಾಗಾಯಿತು. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ ಹಾಕಿದಾಗ ಅದು ಉಸಿರು ತೆಗೆದುಕೊಂಡು ಉಬ್ಬಿತು. ಶಾಂತಾ ಕುರ್ಚಿಯಿಂದ ಎದ್ದು ಬಂದು ನೋಡಿದಳು. "ಆಕಾರ ಬಿಡ್ರಿ, ಉಬ್ಬೇತಿ" ಅಂದಳು. ನಮ್ಮ ದಾಂಪತ್ಯದಲ್ಲಿ ನನಗೆ ಸಿಕ್ಕ ಪ್ರಶಂಸೆಗಳಲ್ಲಿ ಇದು ದೊಡ್ಡದು.

ಮುಂದಿನ ರವಿವಾರ ಹಿಟ್ಟಿನ ಡಬ್ಬಿ ಹಿಡಿದು ಮತ್ತೆ ಬಿಜ್ಜರಗಿಗೆ ಹೋದೆ. ಅತ್ತೆಯನ್ನು ಅಡುಗೆಮನೆಯ ಹೊಸ್ತಿಲ ಬಳಿ ಕೂರಿಸಿ, ಅಂಗಿಯ ತೋಳು ಮೇಲೇರಿಸಿ ಹಲಗೆಯ ಮುಂದೆ ಕೂತೆ. ಸುದ್ದಿ ಹೇಗೆ ಹಬ್ಬಿತೋ, ನೆರೆಯ ಹೆಂಗಸರು ಬಾಗಿಲಲ್ಲಿ ತುಂಬಿಕೊಂಡರು. ಒಬ್ಬಾಕೆ ಮೆಲ್ಲಗೆ, "ಹೇಣ್ತಿ ಬಿಟ್ಟ ಹೋಗ್ಯಾಳೇನು, ಪಾಪ" ಅಂದಳು. ಇನ್ನೊಬ್ಬಾಕೆ, "ಇಲ್ಲ ಬೇ, ಖಾನಾವಳಿ ತಗೀತಾನಂತ" ಅಂದಳು. ನಾನು ಯಾರ ಕಡೆಗೂ ನೋಡದೆ ಬಡಿದೆ. ಅತ್ತೆಗೆ ಕಾಣುವುದಿಲ್ಲ, ಆದರೆ ಕಿವಿ ಚುರುಕು. ಸಪ್ಪಳ ಶುರುವಾದ ಕೂಡಲೇ ಅವಳ ಮುಖದ ನಗು ಕಡಿಮೆಯಾಗುತ್ತ ಬಂತು. ರೊಟ್ಟಿ ಹಂಚಿನಿಂದ ಸೀದಾ ಅವಳ ತಾಟಿಗೆ ಬಿತ್ತು. ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರು ಹಾಕಿದೆ. ಅವಳು ಒಂದು ತುತ್ತು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಹೆಂಗೈತಿ ಬೇ?"

"ಬಡದೀ ನೋಡು" ಅಂದಳು ಅತ್ತೆ. ದನಿಯಲ್ಲಿ ಸಂತೋಷವೇ ಇಲ್ಲ. ಬಸ್ಸು ತಪ್ಪಿಸಿಕೊಂಡವರ ದನಿ.

ಆಗ ರೇಣುಕಾ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಬಾಯಿ ಬಿಟ್ಟಳು. "ಅತ್ತ್ಯಾರು ರೊಟ್ಟಿ ತಿಂದು ಎಷ್ಟ ದಿನಾ ಆಗಿತ್ರಿ ಭಾವಾರ. ಮುಂಜೇಲೆ ಚಾದಾಗ ಟೋಸ್ಟ್ ಅದ್ದಕೊಂಡು ತಿಂತಾರ, ಇಡ್ಲಿ ಮಾಡಿದ್ರ ಇಡ್ಲಿ, ಮಧ್ಯಾಹ್ನ ಮೆತ್ತಗ ಅನ್ನ ಸಾರು. ರೊಟ್ಟಿ ಹಾಕಿದ್ರ 'ಯಾಕ ಬೇ, ಹಲ್ಲ ಇಲ್ಲದಾಕಿಗೆ' ಅಂತ ನನಗ ಬೈತಾರ."

ನಾನು ಹಿಟ್ಟು ಮೆತ್ತಿದ ಕೈ ಎತ್ತಿಕೊಂಡೇ ಕೂತೆ. ಸುಟ್ಟ ಬೆರಳುಗಳು ಒಂದೊಂದಾಗಿ ನೆನಪಾದವು. "ಅತ್ತಿ, ಏನಿದು?" ಅಂದೆ.

ಅತ್ತೆ ತಾಟನ್ನು ಮಡಿಲಿಗೆ ಎಳೆದುಕೊಂಡಳು. ಬಾಗಿಲಲ್ಲಿದ್ದ ಹೆಂಗಸರಿಗೆ, "ನಿಮ್ಮ ಮನ್ಯಾಗ ಏನೂ ಕೆಲಸಿಲ್ಲೇನು?" ಎಂದು ಗದರಿಸಿ ಅವರು ಸರಿದ ಮೇಲೆ, ನನಗಷ್ಟೇ ಕೇಳುವ ಹಾಗೆ ಹೇಳಿದಳು. "ಕಣ್ಣಾಗ ಸೂಜಿ ಚುಚ್ಚತಾರಂತೋ ಯಪ್ಪಾ. ನನಗ ಅಂಜಿಕಿ. ಅಂಜಿಕಿ ಅಂದ್ರ ನೀವೆಲ್ಲಾ ನಗತೀರಿ. ನಿಮ್ಮನ್ಯಾಗ ರೊಟ್ಟಿ ಆಗೂದಿಲ್ಲ ಅಂತ ಗೊತ್ತಿತ್ತು, ಅದಕ್ಕ ರೊಟ್ಟಿ ನೆವಾ ಹೇಳಿದೆ. ನೀ ಗಂಡಸಾಗಿ ಕಲ್ತು ಬರತೀ ಅಂತ ನನಗೇನ ಗೊತ್ತು?"

ನಾನು ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದೆ. ಬಡಿಯುತ್ತಲೇ, "ಸೂಜಿ ಚುಚ್ಚೂ ಹೊತ್ತಿನ್ಯಾಗ ನಾ ಬಾಗಲದಾಗ ನಿಂತಿರತೇನಿ. ನೋವಾತು ಅಂದ್ರ ಒದರು, ಡಾಕ್ಟರಿಗೂ ನಾಕ ಬಡೀತೇನಿ, ಈಗ ಕೈ ಪಳಗೇತಿ" ಅಂದೆ. ಅತ್ತೆಗೆ ನಗು ಬಂತು. ನಗುತ್ತಲೇ ಮೂಗು ಒರೆಸಿಕೊಂಡಳು. "ಮಾತ ಕೊಟ್ಟೇನಿ, ಏನ ಮಾಡೂದು. ರೇಣಕಾ, ನನ್ನ ಸೀರಿ ಮಡಚು" ಅಂದಳು.

ಆಪರೇಶನ್ ಆಯಿತು. ಅತ್ತೆ ಒದರಲಿಲ್ಲ, ನಾನೇ ಬಾಗಿಲಲ್ಲಿ ನಿಂತು ಎರಡು ಸಲ ತಲೆ ತಿರುಗಿ ಬೆಂಚಿನ ಮೇಲೆ ಕೂತೆ. ಆಮೇಲೆ ಅವಳು ನಮ್ಮ ಮನೆಯಲ್ಲಿ ಕರಿ ಕನ್ನಡಕ ಹಾಕಿಕೊಂಡು ರಾಣಿಯ ಹಾಗೆ ಇದ್ದಳು. ರೊಟ್ಟಿ ನೆವವಾಗಿದ್ದರೂ ಅದನ್ನು ಬಿಟ್ಟುಕೊಡುವ ಹೆಂಗಸಲ್ಲ, ದಿನಾ ಸಂಜೆ ಬಿಸಿ ರೊಟ್ಟಿ ಆಗಲೇಬೇಕು. ನಾನು ಬಡಿಯುವುದು, ಅವಳು ಹಾಲಿನಲ್ಲಿ ಚೂರು ಮಾಡಿ ಕಲಸಿ ತಿನ್ನುವುದು. ಮಂಜು ಮಂಜಾಗಿ ಕಾಣುತ್ತಿದ್ದ ಆ ದಿನಗಳಲ್ಲಿ ಬಹಳ ಹೊಗಳುತ್ತಿದ್ದಳು. "ನಮ್ಮ ಬಸ್ಯಾನ ರೊಟ್ಟಿ ಅಂದ್ರ ಹುಣ್ಣವಿ ಚಂದ್ರ ಇದ್ದಂಗ." ಶಾಂತಾ ಮತ್ತು ಸ್ನೇಹಾ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ, ಕಣ್ಣಿನ ರೋಗಿಗೆ ಆಯಾಸ ಮಾಡಬಾರದು.

ಒಂದು ಸಂಜೆ ನಾನು ಹಂಚಿನ ಮುಂದೆ ಕೂತು, ನಮ್ಮ ಓಣಿಯ ಬಟ್ಟಲುಗಳ ಕಥೆಯನ್ನು ದುಃಖದಿಂದ ಅವಳಿಗೆ ಹೇಳಿದೆ. ಓಟ್ಸು, ಪಾಸ್ತಾ, ಮುಖಕ್ಕೆ ಹಚ್ಚಿದ ಹಿಟ್ಟು, ಯಾವುದನ್ನೂ ಬಿಡಲಿಲ್ಲ. ಹೀಗಾದರೆ ಮುಂದೆ ಗತಿಯೇನು ಎಂದೆ. ಅತ್ತೆಗೆ ಅಷ್ಟೇನೂ ದುಃಖವಾದ ಹಾಗೆ ಕಾಣಲಿಲ್ಲ. "ನಮ್ಮಜ್ಜಿ ಹಿಂಗ ಅಳತಿದ್ಳು. ನವಣಿ ಅನ್ನ ಬಿಟ್ಟ್ರು, ಸಜ್ಜಿ ರೊಟ್ಟಿ ಬಿಟ್ಟ್ರು, ಬರೇ ಬಿಳಿ ಜ್ವಾಳಕ್ಕ ಬಿದ್ದಾರ ಈ ಹೊಸಾ ಮಂದಿ, ಇನ್ನ ಇವರ ಮೈಯಾಗ ಏನ ಉಳದೀತು ಅಂತ. ಆ ಹೊಸಾ ಮಂದಿ ಅಂದ್ರ ನಾವ. ಮೈಯಾಗ ಏನೋ ಒಂದೀಟ ಉಳದೈತಿ ನೋಡು ಇನ್ನೂ" ಅಂದು ತನ್ನ ರಟ್ಟೆ ಮುಟ್ಟಿ ತೋರಿಸಿದಳು. ನನ್ನ ಭಾಷಣಕ್ಕೆ ಇಷ್ಟು ವರ್ಷಗಳಲ್ಲಿ ಬಂದ ಮೊದಲ ಉತ್ತರ ಅದು. ಕಚೇರಿಯವರು ಬರೀ ತಲೆಯಾಡಿಸುತ್ತಿದ್ದರು.

ಕರಿ ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ ನಾನು ಕಚೇರಿಯಲ್ಲಿದ್ದೆ. ಶಾಂತಾಳೇ ಕರೆದುಕೊಂಡು ಹೋಗಿ ಬಂದಿದ್ದಳು. ಸಂಜೆ ನಾನು ಮನೆಗೆ ಬಂದು, ಕೈಕಾಲು ತೊಳೆದು, ಉತ್ಸಾಹದಿಂದ ರೊಟ್ಟಿ ಬಡಿದು ತಾಟಿಗೆ ಹಾಕಿ ಅತ್ತೆಯ ಮುಂದಿಟ್ಟೆ. ಅವಳು ಮೊದಲು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. "ಯಪ್ಪಾ ಬಸ್ಯಾ, ನಿನ್ನ ಕೂದಲ ಎಲ್ಲಿ ಹೋದ್ವೋ?" ಅಂದಳು. ಆಮೇಲೆ ತಾಟನ್ನು ನೋಡಿದಳು. ರೊಟ್ಟಿಯನ್ನು ಬೆರಳಿನಿಂದ ಎತ್ತಿ, ದೀಪದ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದಳು.

"ಶಾಂತಾ, ಏನ ಬೇ ಇದು? ಹೊಲದ ನಕಾಶಿ ಇದ್ದಂಗ ಐತಲ್ಲ. ಇಷ್ಟ ದಿನಾ ಇದನ್ನ ತಿಂದೆನೇನ ನಾ?"

"ಹೌದ್ರಿ ಅತ್ತಿ. ಇವತ್ತಿಂದು ಭಾಳ ಚಲೋ ಬಂದೈತ್ರಿ" ಅಂದಳು ಶಾಂತಾ.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಿಗೆ ಆಯಾಸವಾದೀತು ಎಂದು ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ. ನಗು ಮುಗಿದ ಮೇಲೆ ಅವಳ ಹೊಸ ಕಣ್ಣು ನನ್ನ ಅಂಗಿಯ ಎದೆಯ ಮೇಲೆ ಬಂದು ನಿಂತಿತು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ ಕಣ್ಣು ಅದು, ಪೂರ್ತಿ ವಾಪಸು ಬಂದಿತ್ತು.

"ಅಂಗಿ ಮ್ಯಾಲ ಕೆಂಪಗ ಏನೋ ಅದು? ರಕ್ತೇನು?"

ನಾನು ಕೈಯಿಂದ ಮುಚ್ಚಿದೆ. ಕೈಗೆ ಹಿಟ್ಟು ಮೆತ್ತಿತ್ತು, ಈಗ ಕೆಂಪಿನ ಮೇಲೆ ಬಿಳಿಯೂ ಆಯಿತು.

"ರಕ್ತ ಅಲ್ಲಜ್ಜಿ. ಗೋಬಿ ಮಂಚೂರಿ. ಪಪ್ಪಾ ದಿನಾ ಸಂಜಿಕ ತಿಂದ ಬರತಾರ. ಮನಿಗೆ ಬಂದು ನಮಗ ರೊಟ್ಟಿ ಭಾಷಣ ಮಾಡತಾರ" ಅಂದಳು ಸ್ನೇಹಾ, ನನ್ನ ಮಗಳು.

ನಾನು ಬೈಗುಳಕ್ಕೆ ತಯಾರಾದೆ. ಅತ್ತೆ ಮಾತ್ರ ಆ ಕಲೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡಿ, "ಮೆತ್ತಗ ಇರತೈತೇನು?" ಅಂತ ಕೇಳಿದಳು.

"ಮೆತ್ತಗ ಇರತೈತಿ ಬೇ."

"ಹಂಗಾರ ನಾಳಿ ಬರೂ ಮುಂದ ನನಗೂ ಒಂದೀಟ ತಾ. ನೀ ಒಬ್ಬನ ತಿಂದ್ರ ಹೆಂಗ?"

ಮರುದಿನ ಗಾಡಿಯ ಮುಂದೆ ಸ್ಕೂಟರನ್ನು ಮೊದಲ ಬಾರಿಗೆ ತಲೆ ಎತ್ತಿಕೊಂಡು ನಿಲ್ಲಿಸಿದೆ. ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಬಂದು ರೊಟ್ಟಿ ಬಡಿದೆ. ಅತ್ತೆ ಬಿಸಿ ರೊಟ್ಟಿಯ ನಡುವೆ ಗೋಬಿ ಮಂಚೂರಿಯನ್ನು ಪಲ್ಯದ ಹಾಗೆ ಹಾಕಿಕೊಂಡು, ಸುರುಳಿ ಸುತ್ತಿ, ಉಳಿದಿದ್ದ ಹಲ್ಲುಗಳಿಗೆ ಸಮನಾಗಿ ಕೆಲಸ ಹಂಚಿ ತಿಂದಳು. ಅವಳು ತಿನ್ನುವುದನ್ನು ನೋಡಿ ಸ್ನೇಹಾಳೂ ಒಂದು ರೊಟ್ಟಿ ಕೇಳಿದಳು. ಆಮೇಲೆ ಶಾಂತಾ ಕೇಳಿದಳು. ನಾನು ಹಂಚಿನ ಮುಂದಿನಿಂದ ಏಳಲೇ ಇಲ್ಲ. ಕೊನೆಗೆ ಅತ್ತೆ ಬೆರಳು ಚೀಪುತ್ತ ತೀರ್ಪು ಕೊಟ್ಟಳು. "ಪಲ್ಯಾಕ್ಕೇನೂ ಹೆಸರ ಇಡಂಗಿಲ್ಲ. ರೊಟ್ಟಿ ಮಾತ್ರ ಒಂದೀಟ ಗುಂಡಗ ಆಗಬೇಕು ನೋಡು."

ಅತ್ತೆ ಊರಿಗೆ ಹೋಗಿ ಎಷ್ಟೋ ದಿನವಾಯಿತು. ಎಡಗಣ್ಣಿನ ಆಪರೇಶನ್ನಿಗೆ ತಾನೇ ಬರುತ್ತೇನೆಂದು, ಗಾಡಿ ಇನ್ನೂ ಅಲ್ಲೇ ನಿಲ್ಲುತ್ತದೆಯೇ ಎಂದು ಫೋನು ಮಾಡಿದ್ದಳು. ಅಷ್ಟರಲ್ಲಿ ರೊಟ್ಟಿಯನ್ನು ಗುಂಡಗೆ ಮಾಡಿಯೇ ತೀರುತ್ತೇನೆ ಎಂದು ನಾನು ಹಟ ತೊಟ್ಟಿದ್ದೇನೆ. ಭಾಷಣ ಮಾಡುವುದನ್ನು ಬಿಟ್ಟಿದ್ದೇನೆ, ಹಿಟ್ಟು ನಾದಿದ ಮೇಲೆ ಅದಕ್ಕೆ ಉಸಿರು ಉಳಿಯುವುದಿಲ್ಲ. ನಿನ್ನೆ ಸಣ್ಣ ಡಬ್ಬಿಯಲ್ಲಿ ಜೋಳ ತೆಗೆದುಕೊಂಡು ಗಿರಣಿಗೆ ಹೋದಾಗ ಗಿರಣಿಯವನು ಗುರುತು ಹಿಡಿದು, "ಏನ್ರಿ ಸಾಹೇಬ್ರ, ಮದುವಿ ಮುಗೀತೇನ್ರಿ?" ಎಂದು ಕೇಳಿದ.

"ಮುಗೀತಪಾ" ಅಂದೆ. "ಈಗ ಸಂಸಾರ ಚಾಲೂ ಆಗೇತಿ."